ಮಾಸ್ಟರ್‌ನಲ್ಲೇ ಅತ್ತು ಮುಗಿಸಿದೆ

ಮೊದಲ ಸೀರಿಯಲ್‌ನ ಮೊದಲ ದಿನವೇ ನನಗೆ ಅಳುವ ಸೀನು ಬಂತು. ಮಗ ಮನೆ ಬಿಟ್ಟು ಹೋಗುತ್ತಾನೆ, ತಾಯಿ ಬಾಗಿಲಲ್ಲಿ ನಿಂತು ಅಳಬೇಕು. ನನಗೇನು ಭಯ? ಹೆಗ್ಗೋಡಿನ ನೀನಾಸಂ ನಾಟಕ ತಂಡದ ತಿರುಗಾಟದಲ್ಲಿ ಊರೂರು ಸುತ್ತಿ ಬಂದವಳು. ಆ್ಯಕ್ಷನ್ ಅಂದ ಕೂಡಲೇ ಹೊಟ್ಟೆಯೊಳಗಿಂದ ಅತ್ತೆ. ಇಡೀ ಸೆಟ್ಟು ಗಪ್‌ಚುಪ್. ಲೈಟಿನ ಹುಡುಗನೊಬ್ಬ ಕಣ್ಣೊರೆಸಿಕೊಂಡ. ಗೆದ್ದೆ ಅಂದುಕೊಂಡೆ.

ಆಮೇಲೆ ಕ್ಯಾಮೆರಾ ಹತ್ತಿರ ಬಂತು. "ಮೇಡಂ, ಮಾಸ್ಟರ್ ಆಯ್ತು. ಈಗ ಕ್ಲೋಸ್. ಹಾಗೇ ಮಾಡಿ." ಮಾಸ್ಟರ್ ಅಂದರೆ ಇಡೀ ಸೀನನ್ನು ದೂರದಿಂದ ತೆಗೆಯುವ ಶಾಟ್, ಕ್ಲೋಸ್ ಅಂದರೆ ಹತ್ತಿರದಿಂದ ಮುಖ. ನನ್ನ ಹತ್ತಿರ ಒಂದು ಹನಿಯೂ ಉಳಿದಿರಲಿಲ್ಲ. ಗ್ಲಿಸರಿನ್ ಹಾಕಿದರು. ಟಿವಿಯಲ್ಲಿ ಬಂದದ್ದೆಲ್ಲ ಆ ಗ್ಲಿಸರಿನ್ ಅಳುವೇ. ನಾನು ನಿಜವಾಗಿ ಅತ್ತ ಮಾಸ್ಟರ್ ಎರಡೇ ಸೆಕೆಂಡ್ ಇತ್ತು. ಅದರಲ್ಲೂ ಜಾಸ್ತಿ ಕಂಡದ್ದು ಬಾಗಿಲು.

ತಿರುಗಾಟ ಅಂದರೆ ಇವತ್ತು ಕಲ್ಯಾಣ ಮಂಟಪ, ನಾಳೆ ಶಾಲೆಯ ಬಯಲು. ಹಗಲು ಟ್ರಂಕು ಇಳಿಸಿ ಸೆಟ್ ಕಟ್ಟಿದವರೇ ರಾತ್ರಿ ಪಾತ್ರ ಹಾಕುತ್ತೇವೆ. ಬಯಲಿನಲ್ಲಿ ಮಾತು ಕೊನೆಯ ಸಾಲಿಗೆ ಮುಟ್ಟಬೇಕಾದರೆ ಬರೀ ಕೂಗಿದರೆ ಆಗುವುದಿಲ್ಲ. ಕೊನೆಯ ಅಕ್ಷರ ನುಂಗಬಾರದು. ಕನ್ನಡದಲ್ಲಿ ಮಾತಿನ ಅರ್ಥ ಇರುವುದೇ ಬಾಲದಲ್ಲಿ ಅಲ್ವಾ? 'ಬಂದ'ನೋ 'ಬಂದಳೋ', 'ಬರುತ್ತೇನೆ'ಯೋ 'ಬರುವುದಿಲ್ಲ'ವೋ, ಎಲ್ಲ ಕೊನೆಗೇ ಗೊತ್ತಾಗುವುದು. ಹಾಗಾಗಿ ಉಸಿರು ಉಳಿಸಿ ಬಾಲದವರೆಗೂ ಒಯ್ಯುತ್ತೇವೆ. ಸೀರಿಯಲ್ ಸೆಟ್ಟಿನಲ್ಲಿ ಅದನ್ನೇ ಮಾಡಿದೆ. ಎದೆಗೆ ಸಿಕ್ಕಿಸಿದ್ದ ಮೈಕಿನಿಂದ ಸೌಂಡಿನವನ ಕಿವಿ ಹರಿದುಹೋಗುವಷ್ಟಾಯಿತು. "ಸ್ವಲ್ಪ ನಾಟಕೀಯ ಆಯ್ತು" ಅಂದರು. ಕನ್ನಡದ ಮೊದಲ ಟಾಕಿ 1934ರ ಸತಿ ಸುಲೋಚನಾದಲ್ಲಿ ನಟಿಸಿದವರೇ ನಾಟಕದ ಮಂದಿ. 'ನಾಟಕೀಯ' ಅನ್ನುವುದು ಯಾವಾಗ ಬೈಗುಳವಾಯಿತೋ, ಯಾರು ಮಾಡಿದರೋ!

ಮೊದಲು ಬದಲಾಯಿಸಿಕೊಂಡದ್ದು ಒಂದು ಪ್ರಶ್ನೆ. ಪ್ರತಿ ಶಾಟಿಗೂ ಮುಂಚೆ "ಎಲ್ಲಿಂದ ಎಲ್ಲಿವರೆಗೆ ಕಾಣ್ತೀನಿ?" ಅಂತ ಕ್ಯಾಮೆರಾದವರನ್ನು ಕೇಳುತ್ತೇನೆ. ಸೊಂಟದಿಂದ ಮೇಲೆ ಅಂದರೆ ಕೈ ಉಪಯೋಗಕ್ಕೆ ಬರುತ್ತದೆ. ಗಲ್ಲದವರೆಗೆ ಅಂದರೆ ಕಣ್ಣು ಮಾತ್ರ. ಮಾಸ್ಟರ್‌ನಲ್ಲಿ ಈಗ ಜಾಗ, ನಡಿಗೆ, ಲೋಟ ಯಾವ ಕೈಯಲ್ಲಿತ್ತು ಎಂಬುದನ್ನಷ್ಟೇ ಸರಿಮಾಡಿಕೊಳ್ಳುತ್ತೇನೆ. ಅಳು ಕ್ಲೋಸಿಗೆ. ಲೋಟದ ವಿಷಯ ತಮಾಷೆಯಲ್ಲ. ಒಂದು ಸಲ ಎಡಗೈಯಲ್ಲಿದ್ದ ಲೋಟ ಕ್ಲೋಸಿನಲ್ಲಿ ಬಲಗೈಗೆ ಬಂದು, ಚೆನ್ನಾಗಿ ಬಂದಿದ್ದ ಟೇಕ್ ಕಸದಬುಟ್ಟಿ ಸೇರಿತು.

ಇನ್ನೊಂದು ಕಷ್ಟ ಎದುರಿಗೆ ಯಾರೂ ಇಲ್ಲದಿರುವುದು. ಮಗನ ಪಾತ್ರದವರು ತಮ್ಮ ಶಾಟ್ ಮುಗಿಸಿ ಹೊರಟಿರುತ್ತಾರೆ. ಅವರ ಮಾತನ್ನು ಅಸಿಸ್ಟೆಂಟ್ ಒಬ್ಬ ಕರೆಂಟ್ ಬಿಲ್ ಓದುವಂತೆ ಓದುತ್ತಾನೆ. ನಾನು ಲೈಟ್ ಸ್ಟ್ಯಾಂಡಿಗೆ ಅಂಟಿಸಿದ ಟೇಪ್ ನೋಡಿ ಕರಗಬೇಕು. ನಾಟಕದಲ್ಲಿ ಅರ್ಧ ಕೆಲಸ ಎದುರಿನವರ ಕಣ್ಣೇ ಮಾಡುತ್ತದೆ. ಇಲ್ಲಿ ಆ ಅರ್ಧವನ್ನೂ ನಾನೇ ಹೊತ್ತು ತರಬೇಕು. ಅದಕ್ಕೇ ನನ್ನ ಕ್ಲೋಸ್ ಮುಗಿದ ಮೇಲೂ ಎದುರಿನವರ ಶಾಟಿಗೆ ನಿಂತು ನನ್ನ ಪಾತ್ರದ ಮಾತು ಹೇಳುತ್ತೇನೆ. ಮೊದಮೊದಲು ನಕ್ಕರು. ಈಗ ಇಬ್ಬರು ಹುಡುಗಿಯರು ನನಗೂ ನಿಲ್ಲುತ್ತಾರೆ.

ಸೀನುಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ, ತಿರುವುಮುರುವಾಗಿ ತೆಗೆಯುತ್ತಾರೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸೀನಿಗೂ ಒಂದು ಸಾಲು, 'ಇದಕ್ಕೆ ಮುಂಚೆ ಏನಾಗಿತ್ತು'. ಅಷ್ಟು ಸಾಕು.

ಸುಮ್ನೆ ಇರುವುದನ್ನು ಕಲಿಯಲು ಉಮಾಶ್ರೀಯವರನ್ನು ನೋಡಿದೆ. 'ಒಡಲಾಳ' ನಾಟಕದ ಸಾಕವ್ವನಾಗಿ ರಂಗದಲ್ಲಿ ಹೆಸರಾದವರು. 'ಗುಲಾಬಿ ಟಾಕೀಸ್' ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು. ಆ ಸಿನಿಮಾವನ್ನು ಸೌಂಡ್ ಆಫ್ ಮಾಡಿ ನೋಡಿದೆ. ಮಾತು ಕೇಳದಿದ್ದರೂ ಮುಖ ಓದಬಹುದು, ಆದರೆ ಮುಖದಲ್ಲಿ ಗಡಿಬಿಡಿಯೇ ಇಲ್ಲ. ಮನೆಗೆ ಬಂದು ಮೊಬೈಲನ್ನು ಮುಖದ ಹತ್ತಿರ ನಿಲ್ಲಿಸಿ ಒಂದೇ ಮಾತನ್ನು ಹತ್ತು ಸಲ ಹೇಳಿದೆ. ಪ್ರತಿ ಮಾತಿಗೂ ನನ್ನ ಹುಬ್ಬು ಏರುತ್ತಿತ್ತು. ರಂಗದ ಮೇಲೆ ಅದು ಯಾರಿಗೂ ಕಂಡಿರಲಿಕ್ಕಿಲ್ಲ, ಇಲ್ಲಿ ಎರಡು ಕಂಬಳಿಹುಳ ಹರಿದಾಡಿದ ಹಾಗಿತ್ತು. ಹುಬ್ಬು ಇಳಿಸಲು ಮೂರು ತಿಂಗಳು ಬೇಕಾಯಿತು.

ನಾಲ್ಕು ವರ್ಷದ ಮೇಲೆ ರಂಗ ಶಂಕರದಲ್ಲಿ ಮತ್ತೆ ನಾಟಕ ಮಾಡಿದೆ. 300 ಚಿಲ್ಲರೆ ಸೀಟಿನ ರಂಗಮಂದಿರ. ಬಯಲಿಗೆ ಹೋಲಿಸಿದರೆ ಅಂಗೈಯಷ್ಟು. ನಾಟಕ ಮುಗಿದ ಮೇಲೆ ಹಳೆಯ ಗೆಳತಿ ಬಂದು, "ಮುಖ ಚೆನ್ನಾಗಿತ್ತು ಕಣೇ, ಮಾತು ಹಿಂದೆ ಕೂತವರಿಗೆ ಅರ್ಧ ಬಂತು" ಅಂದಳು. ಸೀರಿಯಲ್‌ನಲ್ಲಿ ಪಕ್ಕದಿಂದ ಹೇಳಿಕೊಡುವ ಪ್ರಾಂಪ್ಟ್ ಕೇಳಿಸಿಕೊಂಡು ಎರಡೆರಡು ಸಾಲು ಹೇಳಿ ಹೇಳಿ, ಉದ್ದ ಮಾತಿಗೆ ಬೇಕಾದ ಉಸಿರೇ ನನ್ನಲ್ಲಿ ಕುಗ್ಗಿತ್ತು. ದುಡ್ಡು ಬರುತ್ತಿದ್ದದ್ದು ಟಿವಿಯಿಂದ, ಹಾಗಾಗಿ ಅದನ್ನು ಬಿಡುವ ಮಾತಿರಲಿಲ್ಲ.

ಈಗ ಶೂಟಿಂಗಿಗೆ ಹೋಗುವ ಕಾರಿನಲ್ಲಿ ಗಾಜು ಏರಿಸಿ ನಾಟಕದ ಮಾತುಗಳನ್ನು ಪೂರ್ತಿ ದನಿಯಲ್ಲಿ ಹೇಳುತ್ತೇನೆ. ಡ್ರೈವರ್‌ಗೆ ಮೊದಲ ವಾರ ಗಾಬರಿಯಾಗಿತ್ತು. ಈಗ ಕನ್ನಡಿಯಲ್ಲಿ ನೋಡಿ, "ಅಕ್ಕಾ, ಕೊನೆ ಅಕ್ಷರ ಕೇಳ್ಲಿಲ್ಲ" ಅನ್ನುತ್ತಾನೆ.