ಮಾರ್ಚ್ ದಾಟಿದ ಮೇಲೇ ಕ್ಯೂಟಿ4 ತೆಗೆದೆ

ಕೊನೆಗೂ ನಮ್ಮ ಡಿಸ್ಟ್ರೋದಿಂದ (ನಾವೇ ಜೋಡಿಸಿದ ಲಿನಕ್ಸ್) ಕ್ಯೂಟಿ4 ಹೋಯಿತು. ಪರದೆಯ ಮೇಲೆ ವಿಂಡೋ, ಬಟನ್ ತೋರಿಸಲು ಪ್ರೋಗ್ರಾಮ್‌ಗಳು ಬಳಸುವ ಹಳೇ ಲೈಬ್ರರಿ ಅದು. ಸುಮಾರು 400 ಬಿಲ್ಲಿಂಗ್ ಕೌಂಟರ್‌ಗಳಲ್ಲಿ ನಮ್ಮ ಇಮೇಜ್ (ಇಡೀ ಸಿಸ್ಟಮಿನ ಸಿದ್ಧ ಪ್ರತಿ) ಓಡುತ್ತಿದೆ. ಒಂದು ದೂರಿನ ಫೋನೂ ಬಂದಿಲ್ಲ. "ಇದ್ದರೆ ಇರಲಿ ಬಿಡಿ, ಅದೇನು ಅನ್ನ ಕೇಳುತ್ತಾ?" ಅಂತ ಟೀಮಿನಲ್ಲಿ ಅರ್ಧ ಜನ. "ಯಾರೂ ಬಳಸುತ್ತಿಲ್ಲ ಅಂದಮೇಲೆ ಇವತ್ತೇ ಕಿತ್ತು ಹಾಕಿ" ಅಂತ ಇನ್ನರ್ಧ. ನಾನು ಒಂದು ವರ್ಷ ಕಾಯೋಣ ಅಂದಿದ್ದು ಇಬ್ಬರಿಗೂ ಹಿಡಿಸಲಿಲ್ಲ.

ಅದು ಅನ್ನ ಕೇಳುತ್ತದೆ, ಜಾಸ್ತಿಯೇ ಕೇಳುತ್ತದೆ. ಕ್ಯೂಟಿ4ಕ್ಕೆ ಮೂಲ ತಂಡದ ಬೆಂಬಲ 2015ರ ಡಿಸೆಂಬರಿಗೇ ಮುಗಿದಿತ್ತು. ನಮ್ಮ ಡಿಸ್ಟ್ರೋಗೆ ಆಧಾರವಾದ ಡೆಬಿಯನ್ ಲಿನಕ್ಸ್‌ನಲ್ಲಿ, 2019ರ ಡೆಬಿಯನ್ 10ರಲ್ಲಿ ಇನ್ನೂ ಇತ್ತು, 2021ರ ಡೆಬಿಯನ್ 11ರಲ್ಲಿ ಇಲ್ಲ. ನಾವು 11ಕ್ಕೆ ಹೋದಾಗ ಆ ಪ್ಯಾಕೇಜನ್ನು ನಾವೇ ಹೊರಬೇಕಾಯಿತು. ಪ್ಯಾಚ್, ರೀಬಿಲ್ಡ್, ಟೆಸ್ಟ್ ಎಲ್ಲ ಸೇರಿ ಬಿಲ್ಡ್ ಸರ್ವರ್ ಬಾಡಿಗೆಯಲ್ಲಿ ಇದರ ಪಾಲೇ ತಿಂಗಳಿಗೆ 4–5 ಸಾವಿರ ರೂಪಾಯಿ. ಇಮೇಜಿನಲ್ಲಿ ಹತ್ತಿರ ಹತ್ತಿರ 40 ಎಂಬಿ. ನಮ್ಮ ಕೌಂಟರ್‌ಗಳು ಸಿಮ್ ಡೇಟಾದಲ್ಲಿ ಅಪ್‌ಡೇಟ್ ಆಗುತ್ತವೆ, ಆ ಬಿಲ್ ಬೇರೆ.

ರಿವರ್ಸ್ ಡಿಪೆಂಡೆನ್ಸಿ (ಓಡಲು ಇದು ಬೇಕಾದ ಬೇರೆ ಪ್ಯಾಕೇಜ್‌ಗಳು) ನೋಡಿದರೆ ಸೊನ್ನೆ. ಬಿಲ್ಡ್ ಡಿಪೆಂಡೆನ್ಸಿಯೂ (ಬಿಲ್ಡ್ ಮಾಡುವಾಗ ಇದು ಬೇಕಾದವು) ಸೊನ್ನೆ. ಆದರೆ ಪ್ಯಾಕೇಜ್ ಹಾಕಿ ತೆಗೆಯುವ ಎಪಿಟಿಗೆ ಗೊತ್ತಿರುವುದು ಪ್ಯಾಕೇಜ್‌ಗಳು ಮಾತ್ರ. ಅಂಗಡಿಯವರು ಸ್ಲ್ಯಾಶ್ ಆಪ್ಟ್ ಫೋಲ್ಡರಿನಲ್ಲಿ ತಂದು ಸುರಿದ ಬೈನರಿಗಳ ಲೆಕ್ಕ ಅದಕ್ಕೆಲ್ಲಿ ಸಿಗಬೇಕು? ಒಂದು ಬೈನರಿಗೆ ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಎಲ್‌ಡಿಡಿ ಹಾಕಿದರೂ, ಓಡುತ್ತಿರುವಾಗ ಡಿಎಲ್‌ಓಪನ್ ಮಾಡಿ ತೆರೆಯುವ ಪ್ಲಗಿನ್ ಕಾಣುವುದಿಲ್ಲ.

ಮೊದಲು ಏಟೈಮ್ (ಫೈಲನ್ನು ಕೊನೆಗೆ ಓದಿದ ಸಮಯ) ನೋಡೋಣ ಅಂದುಕೊಂಡೆ. ಕೆಲವು ಯಂತ್ರಗಳಲ್ಲಿ ಆ ಸಮಯ ಬರೆಯದ ನೋಏಟೈಮ್ ಮೌಂಟ್, ಅಲ್ಲಿ ಏನೂ ದಾಖಲಾಗಲಿಲ್ಲ. ಉಳಿದ ಕಡೆ ರಾತ್ರಿ ಬ್ಯಾಕಪ್ ಎಲ್ಲ ಫೈಲನ್ನೂ ಓದುತ್ತಿತ್ತು, ಹಾಗಾಗಿ ಎಲ್ಲವೂ ನಿನ್ನೆ ಬಳಸಿದಂತೆಯೇ ಕಾಣಿಸಿತು. ಆಮೇಲೆ, ಓಡುತ್ತಿರುವ ಪ್ರೋಗ್ರಾಮ್ ಯಾವ ಲೈಬ್ರರಿ ತೆರೆದಿದೆ ಅಂತ ತೋರಿಸುವ, ಪ್ರಾಕ್ ಅಡಿಯ ಮ್ಯಾಪ್ಸ್ ಫೈಲ್‌ಗಳನ್ನು ಐದು ನಿಮಿಷಕ್ಕೊಮ್ಮೆ ಓದುವ ಸ್ಕ್ರಿಪ್ಟ್ ಬರೆದೆ. ಬಂದು ಎರಡೇ ಸೆಕೆಂಡಿನಲ್ಲಿ ಮುಗಿದು ಹೋಗುವ ಪ್ರೋಗ್ರಾಮ್ ಅದರ ಕೈಗೆ ಸಿಗಲಿಲ್ಲ. ಸುಮ್ನೆ ಎರಡು ತಿಂಗಳು ಹೋಯಿತು.

ಕೆಲಸಕ್ಕೆ ಬಂದದ್ದು ಆಡಿಟ್‌ಡಿ, ಫೈಲನ್ನು ಯಾರು ಮುಟ್ಟಿದರೂ ಬರೆದಿಡುವ ಲಿನಕ್ಸ್ ಟೂಲ್. ಕ್ಯೂಟಿ4ರ ಪ್ರತಿ ಡಾಟ್ ಎಸ್‌ಒ (ಲೈಬ್ರರಿ) ಫೈಲ್ ಮೇಲೂ ಓದುವ ವಾಚ್ ಇಟ್ಟೆ. ಯಾವ ಪ್ರೋಗ್ರಾಮ್ ತೆರೆಯಿತು ಅನ್ನುವುದೂ ಲಾಗಿನಲ್ಲಿ ಬರುತ್ತದೆ, ಬ್ಯಾಕಪ್ ಹೆಸರನ್ನು ಬಿಟ್ಟರೆ ಆಯಿತು. ನಿಜವಾದ ಬಳಕೆಯನ್ನೂ ಸುಮ್ಮನೆ ತಡಕುವ ಸ್ಕ್ಯಾನರ್‌ಗಳನ್ನೂ ಬೇರೆ ಮಾಡುವ ಒಂದು ಫಿಲ್ಟರ್ ಇದೆ. ಅದು ನಮ್ಮ ಅನ್ನದ ವಿದ್ಯೆ, ಇಲ್ಲಿ ಬರೆಯುವುದಿಲ್ಲ.

ಜೂನ್‌ನಿಂದ ಫೆಬ್ರವರಿವರೆಗೂ ಲಾಗ್ ಖಾಲಿ. "ಇನ್ನೂ ಏನು ಕಾಯ್ತೀರಾ ಸಾರ್?" ಅಂತ ಹುಡುಗರು ದಿನಾ ಕೇಳುತ್ತಿದ್ದರು. ಮಾರ್ಚ್ ಕೊನೆಯ ವಾರ ಹದಿನೈದಿಪ್ಪತ್ತು ಕೌಂಟರ್‌ಗಳಲ್ಲಿ ಒಂದೇ ಪ್ರೋಗ್ರಾಮ್ ಎದ್ದಿತು: ವರ್ಷದ ಸ್ಟಾಕ್ ಲೆಕ್ಕ ಮುಗಿಸಿ ರಿಪೋರ್ಟ್ ಪ್ರಿಂಟ್ ಮಾಡುವ ಹಳೇ ಟೂಲ್. ವರ್ಷಕ್ಕೊಮ್ಮೆಯೇ ಓಡುವುದು. ಫೆಬ್ರವರಿಯಲ್ಲಿ ಕಿತ್ತಿದ್ದರೆ ಮಾರ್ಚ್ 31ರ ರಾತ್ರಿ ಅಷ್ಟೂ ಅಂಗಡಿಗಳು ನಿಲ್ಲುತ್ತಿದ್ದವು.

ಆ ಟೂಲನ್ನು ಕ್ಯೂಟಿ5ಕ್ಕೆ ಬದಲಿಸಲು ಅದನ್ನು ಬರೆದವರಿಗೆ 30 ಸಾವಿರದ ಆಸುಪಾಸು ಕೊಟ್ಟೆವು. ಆರೇಳು ತಿಂಗಳ ಬಿಲ್ಡ್ ಬಾಡಿಗೆಗೆ ಅದು ಸಮ. ಮುಂದಿನ ಮಾರ್ಚ್ ಪೂರ್ತಿ ಲಾಗ್ ಖಾಲಿ ಇದ್ದಮೇಲೆ ಇಮೇಜಿನಿಂದ ತೆಗೆದೆ. ರೆಪೊದಲ್ಲಿ (ನಮ್ಮ ಪ್ಯಾಕೇಜ್ ಉಗ್ರಾಣ) ಇನ್ನೂ ಮೂರು ತಿಂಗಳು ಇಟ್ಟಿದ್ದೆ, ಬೇಕಾದರೆ ಒಂದೇ ಕಮಾಂಡಿನಲ್ಲಿ ವಾಪಸ್ ಬರಲಿ ಅಂತ. ಯಾರೂ ಕೇಳಲಿಲ್ಲ, ಅಲ್ಲಿಂದಲೂ ತೆಗೆದೆ.

ಈಗ ಕ್ಯೂಟಿ4ರಂಥದೇ ಇನ್ನೊಂದು ಹಳೇ ಲೈಬ್ರರಿ ಜಿಟಿಕೆ2 ಮೇಲೆ ವಾಚ್ ಇಟ್ಟಿದ್ದೇನೆ. ಒಂದು ಪ್ರಿಂಟರ್ ಸೆಟಪ್ ಟೂಲ್ ಮಾತ್ರ ಅದನ್ನು ಆಗಾಗ ತೆರೆಯುತ್ತಿದೆ. ಈ ಸಲ ಯಾರೂ ಅವಸರ ಮಾಡುತ್ತಿಲ್ಲ.