ಪಾಪರ್ ಚೀಟಿ ತಗೊಂಡರೆ ಸಾಲ ಹೋಗುತ್ತಾ? ವಕೀಲರ ಹತ್ರ ಯಾವಾಗ ಹೋಗಬೇಕು?

ಆಲೂರು ಕಡೆಯ ನಮ್ಮ ನೆಂಟರೊಬ್ಬರು ಶುಂಠಿಗೆ ಅಂತ ಸಾಲ ಮಾಡಿದ್ದರು. ಗೆಡ್ಡೆ ಕೊಳೆಯಿತು, ಉಳಿದಿದ್ದಕ್ಕೆ ರೇಟು ಸಿಗಲಿಲ್ಲ. ಅವರ ಮನೆಗೆ ಹೋದಾಗ ಟಿವಿ ಪಕ್ಕ ಒಂದು ಕವರ್ ಬಿದ್ದಿತ್ತು, ಒಡೆದೇ ಇರಲಿಲ್ಲ. ತೆಗೆದು ನೋಡಿದರೆ ಕೋರ್ಟಿನ ಸಮನ್ಸ್, ಬಂದು ಆಗಲೇ 22 ದಿನ. "ಬಿಡು ತಮ್ಮಾ, ಪಾಪರ್ ಚೀಟಿ ತಗೊಂಡ್ರೆ ಎಲ್ಲಾ ಹೋಗುತ್ತಂತೆ" ಅಂದರು. ಇದೇ ಮಾತನ್ನು ಹಾಸನದಲ್ಲಿ, ಬೇಲೂರಿನಲ್ಲಿ, ಮೂಡಿಗೆರೆಯಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಪಾಪರ್ ಚೀಟಿ, ಅಂದರೆ ದಿವಾಳಿಯಾಗಿದ್ದಾರೆ ಅನ್ನುವ ಕಾಗದ, ಅಂತ ಯಾರೂ ಕೈಗೆ ಬರೆದು ಕೊಡುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯ ಮನುಷ್ಯ ದಿವಾಳಿ ಅರ್ಜಿ ಹಾಕುವುದು ಇವತ್ತಿಗೂ 1920ರ ಹಳೇ ಕಾಯ್ದೆಯ ಕೆಳಗೆ, ಜಿಲ್ಲೆಯ ಸಿವಿಲ್ ಕೋರ್ಟಿನಲ್ಲಿ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು ನಿಜ, ಆದರೆ ವ್ಯಕ್ತಿಗಳ ಮಟ್ಟಿಗೆ ಅದು ಜಾರಿಯಾಗಿರುವುದು ಕಂಪನಿ ಸಾಲಕ್ಕೆ ಸ್ವಂತ ಜಾಮೀನು ಹಾಕಿದವರಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ಹಾಗಾಗಿ "ಹೊಸ ಕಾನೂನಿನಲ್ಲಿ ಸಾಲ ಮನ್ನಾ ಮಾಡಿಸಿಕೊಡ್ತೀನಿ" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅರ್ಜಿ ಹಾಕಿದ ಮೇಲೆ ಏನಾಗುತ್ತೆ? ಯಾರಿಗೆ ಎಷ್ಟು ಕೊಡಬೇಕು, ನಿಮ್ಮ ಹತ್ರ ಏನೇನಿದೆ, ಎಲ್ಲವನ್ನೂ ಮುಚ್ಚಿಡದೆ ಬರೆದುಕೊಡಬೇಕು. ಕೋರ್ಟು ನಿಮ್ಮನ್ನು ದಿವಾಳಿ ಅಂತ ಘೋಷಿಸಿದರೆ ನಿಮ್ಮ ಆಸ್ತಿ ಕೋರ್ಟಿನ ಅಥವಾ ಆಸ್ತಿ ನೋಡಿಕೊಳ್ಳಲು ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತೆ, ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಅಲ್ಲಿಂದ ಮುಂದೆ ಅವರು ಕೋರ್ಟಿನ ಅನುಮತಿ ಇಲ್ಲದೆ ನಿಮ್ಮ ಮೇಲೆ ಬೇರೆ ದಾವೆ ಹಾಕುವಂತಿಲ್ಲ. ಇದು ದೊಡ್ಡ ಉಸಿರು. ಆಮೇಲೆ ಋಣಮುಕ್ತಿಗೆ, ಅಂದರೆ ಉಳಿದ ಸಾಲದಿಂದ ಬಿಡುಗಡೆಗೆ, ಇನ್ನೊಂದು ಅರ್ಜಿ ಹಾಕಬೇಕು, ಅದನ್ನೇ ಎಷ್ಟೋ ಜನ ಮರೆಯುತ್ತಾರೆ.

ಇಲ್ಲಿ ಎಲ್ಲರೂ ಎಡವುವ ಜಾಗ ಜಾಮೀನು. ನಿಮಗೆ ಋಣಮುಕ್ತಿ ಸಿಕ್ಕಿದರೂ ನಿಮಗೆ ಜಾಮೀನು ಹಾಕಿದ ಭಾವನಿಗೋ ಪಕ್ಕದ ಮನೆಯವರಿಗೋ ಸಿಗುವುದಿಲ್ಲ, ಬ್ಯಾಂಕು ನೇರವಾಗಿ ಅವರ ಬಾಗಿಲಿಗೆ ಹೋಗಬಹುದು. ದಯವಿಟ್ಟು ಅರ್ಜಿ ಹಾಕುವ ಮುಂಚೆ ಅವರನ್ನು ಕೂರಿಸಿಕೊಂಡು ಮಾತಾಡಿ. ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಆದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಕೂಡ ಉಳಿದೇ ಉಳಿಯುತ್ತೆ. ಅಡವಿಟ್ಟ ಆಸ್ತಿಯ ಮೇಲೆ ಬ್ಯಾಂಕಿಗಿರುವ ಹಕ್ಕೂ ಹಾಗೇ ಇರುತ್ತೆ. ಇನ್ನು ಜಮೀನನ್ನು ತಮ್ಮನ ಹೆಸರಿಗೆ ಸುಮ್ನೆ ದಾನಪತ್ರ ಮಾಡಿಬಿಡೋಣ ಅಂದುಕೊಂಡರೆ, ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಮಾಡಿದ ಅಂಥ ಪತ್ರವನ್ನು ಕೋರ್ಟು ರದ್ದು ಮಾಡಬಹುದು.

ಭಯ ಪಡಬೇಡಿ, ಎಲ್ಲವೂ ಹೋಗುವುದಿಲ್ಲ. ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ರೈತನಾದರೆ ಬೇಸಾಯದ ಸಾಮಾನು, ಉಳುವ ಎತ್ತು, ಬಿತ್ತನೆ ಬೀಜ, ಅವನು ವಾಸ ಇರುವ ಮನೆ, ಇವನ್ನು ಹಣದ ಡಿಕ್ರಿಗೆ (ದುಡ್ಡು ಕಟ್ಟು ಅನ್ನುವ ಕೋರ್ಟಿನ ತೀರ್ಪಿಗೆ) ಜಪ್ತಿ ಮಾಡುವಂತಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತೆ. ಆದರೆ ಮನೆಯನ್ನೇ ಅಡವಿಟ್ಟಿದ್ದರೆ ಆ ಮಾತು ಬೇರೆ. ನಿಜವಾಗಿ ಕಟ್ಟಲಾಗದ ಬಡವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಣದ ಡಿಕ್ರಿಗೆ ಹೆಂಗಸರನ್ನಂತೂ ಬಂಧಿಸುವಂತೆಯೇ ಇಲ್ಲ. ಚೆಕ್ ಬೌನ್ಸ್ ಮಾತ್ರ ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲು ಇದೆ. ನೋಟೀಸು ಕೈಗೆ ಸಿಕ್ಕ 15 ದಿನದೊಳಗೆ ದುಡ್ಡು ಕಟ್ಟಿದರೆ ಕೇಸು ಬರುವುದಿಲ್ಲ, ಆ 15 ದಿನ ಚಿನ್ನದಂಥದ್ದು.

ಹಾಗಾದರೆ ವಕೀಲರ ಹತ್ರ ಯಾವಾಗ? ಫೋನ್ ಮಾಡಿ ಬೈಯುತ್ತಿದ್ದಾರೆ ಅಂದಾಗಲೇ ಓಡಬೇಕಿಲ್ಲ. ಬ್ಯಾಂಕಿನ ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಕರೆ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ನಮ್ಮ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ, ಠಾಣೆಗೆ ಹೋಗಿ ದೂರು ಕೊಡಿ. ಒಂದೇ ಸಾಲ ಇದ್ದು ಬ್ಯಾಂಕು ಒಟಿಎಸ್‌ಗೆ (ಒಂದೇ ಸಲಕ್ಕೆ ಇಷ್ಟು ಅಂತ ಕಟ್ಟಿ ಸಾಲ ಮುಗಿಸುವುದಕ್ಕೆ) ಒಪ್ಪುತ್ತದೆ ಅಂದರೆ ನೀವೇ ಮಾತಾಡಿ ಮುಗಿಸಬಹುದು, ಒಪ್ಪಿದ್ದನ್ನು ಲಿಖಿತವಾಗಿ ತಗೊಳ್ಳಿ.

ಆದರೆ ತಾರೀಖು ಇರುವ ಕಾಗದ ಬಂತೋ, ಅವತ್ತೇ ಹೊರಡಿ. ಸಮನ್ಸಿಗೆ ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಹಾಕಬೇಕು. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಡಿಕ್ರಿ ಆಗಬಹುದು. ಹೋದರೆ ಬಡ್ಡಿ ಲೆಕ್ಕ ಪ್ರಶ್ನಿಸಬಹುದು, ಕಂತು ಕೇಳಬಹುದು. ಅಡವಿನ ಆಸ್ತಿಗೆ ಸರ್ಫೇಸಿ (ಅಂಥ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತಗೊಳ್ಳಲು ಬಿಡುವ ಕಾಯ್ದೆ) ನೋಟೀಸು ಬಂದರೆ ಕಟ್ಟಲು 60 ದಿನ ಟೈಮು ಇದೆ, ಆ ಕಾಯ್ದೆಯಲ್ಲಿ ಬ್ಯಾಂಕು ಕೋರ್ಟಿನಿಂದ ಡಿಕ್ರಿ ತರಬೇಕಾಗಿಯೇ ಇಲ್ಲ. ಬ್ಯಾಂಕು ಸ್ವಾಧೀನಕ್ಕೆ ಇಳಿದರೆ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬೇಕು. ಕೃಷಿ ಭೂಮಿಗೆ ಸರ್ಫೇಸಿ ಅನ್ವಯಿಸುವುದಿಲ್ಲ, ಕಾಫಿ ತೋಟ ಕೃಷಿ ಭೂಮಿಯ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅನ್ನುವುದೇ ಸಕಲೇಶಪುರ, ಚಿಕ್ಕಮಗಳೂರಿನ ಬೆಳೆಗಾರರ ದೊಡ್ಡ ತಲೆನೋವು. ತೋಟಕ್ಕೆ ನೋಟೀಸು ಬಂದವರು ಈ ವಿಷಯ ಗೊತ್ತಿರುವ ವಕೀಲರನ್ನೇ ಹುಡುಕಿ.

ಫೀಸಿಗೆ ದುಡ್ಡಿಲ್ವಾ? ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತೆ. ತಾಲ್ಲೂಕು ಕೋರ್ಟಿನಲ್ಲೇ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹೋಗುವಾಗ ಸಾಲದ ಪತ್ರ, ಪಾಸ್‌ಬುಕ್, ಕಟ್ಟಿದ ರಸೀದಿ, ಪಹಣಿ, ಬಂದ ಕವರ್ ಸಮೇತ ನೋಟೀಸು, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಳ್ಳಿ. ಕವರ್ ಬಿಸಾಡಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಬೇಕಾಗುತ್ತೆ. ಕೈಸಾಲವನ್ನೂ ಹೇಳಿ, ನಾಚಿಕೆ ಬೇಡ. ನಮ್ಮ ನೆಂಟರು 23ನೇ ದಿನ ಬೆಳಿಗ್ಗೆ ಇಂಥದ್ದೇ ಒಂದು ಚೀಲ ಹಿಡಿದು ಬಸ್ ಹತ್ತಿದರು. ಅವತ್ತೇ ವಕಾಲತ್ತಿಗೆ ಸಹಿ ಆಯಿತು, ಉತ್ತರ ಹಾಕಲು ಇನ್ನೂ ಒಂದು ವಾರ ಇತ್ತು.