ಬೆಳಗಿಗೆ ಕಾಯುವವರು

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ನನ್ನ ಡಯಾಲಿಸಿಸ್. ಹನುಮಂತನಗರದ ಮನೆಯಿಂದ ಐದೂಕಾಲಿಗೆ ಆಟೋ ಹತ್ತಬೇಕು. ಒಂದು ಸಲಕ್ಕೆ ನಾಲ್ಕು ಗಂಟೆ. ಹೀಗೆ ನಾಲ್ಕು ವರ್ಷ ಎರಡು ತಿಂಗಳಾಯಿತು. ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಮೂರೂವರೆ ವರ್ಷ. ಕಿಡ್ನಿ ಇನ್ನೂ ಬಂದಿಲ್ಲ.

ಬಂದ ಮೇಲೆ ಸಾಕ್ಷಿ ಹೇಳೋಣ ಅಂತ ಇಷ್ಟು ದಿನ ಸುಮ್ಮನಿದ್ದೆ. ನಮ್ಮ ಚರ್ಚಿನ ಸಭೆಗಳಲ್ಲಿ ಸಾಕ್ಷಿ ಅಂದರೆ ಕೊನೆಗೆ ಎಲ್ಲ ಸರಿಹೋದ ಕತೆ. ಇನ್ನೂ ನಡುವಿನಲ್ಲಿರುವವರು ಎದ್ದು ನಿಂತು ಮಾತಾಡಿದ್ದನ್ನು ನಾನು ಕಂಡಿದ್ದು ಕಡಿಮೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಡಿಟಿಪಿ ಕೆಲಸದವನು. ಮದುವೆ ಪತ್ರಿಕೆ, ಸಭೆಯ ವರದಿ, ಪಠ್ಯದ ಗೈಡು, ಯಾವುದು ಬಂದರೂ ಅಕ್ಷರ ಜೋಡಿಸಿಕೊಡುತ್ತೇನೆ. ಬಿ.ಪಿ. ಏರಿದ್ದು ಗೊತ್ತಾಗುವಷ್ಟರಲ್ಲಿ ಎರಡೂ ಕಿಡ್ನಿ ಹೋಗಿದ್ದವು. ಮನೆಯಲ್ಲಿ ಕೊಡಬಲ್ಲವರಿಲ್ಲ. ಹೆಂಡತಿಗೆ ಸಕ್ಕರೆ ಕಾಯಿಲೆ, ತಮ್ಮನಿಗೂ ಬಿ.ಪಿ., ಅಮ್ಮನಿಗೆ ವಯಸ್ಸಾಗಿದೆ. ನನ್ನದು ಓ ಗುಂಪಿನ ರಕ್ತ. ಓ ಗುಂಪಿನವರ ಕಿಡ್ನಿ ಬೇರೆ ಗುಂಪಿನವರಿಗೂ ಆಗುತ್ತದೆ, ನಮಗೆ ಮಾತ್ರ ಓ ಗುಂಪಿನದ್ದೇ ಆಗಬೇಕು. ಹಾಗಾಗಿ ನಮ್ಮ ಸಾಲು ಉದ್ದ.

ಮೊದಲ ವರ್ಷ ನಾನು ಮಾಡಿದ್ದು ಪ್ರಾರ್ಥನೆಗಿಂತ ಹೆಚ್ಚಾಗಿ ಚೌಕಾಸಿ. ಇದು ಕೊಟ್ಟರೆ ಅದು ಬಿಡುತ್ತೇನೆ, ಇಷ್ಟು ದಿನ ಉಪವಾಸ, ಇಷ್ಟು ಕಾಣಿಕೆ. ಆಗಲೇ ಒಬ್ಬರು ಮನೆ ಪ್ರಾರ್ಥನೆಗೆ ಬಂದವರು ನನ್ನ ತಲೆಯ ಮೇಲೆ ಕೈಯಿಟ್ಟು, ಮೂರು ತಿಂಗಳಲ್ಲಿ ಹೊಸ ಕಿಡ್ನಿ ಎಂದು ಕರ್ತನು ತೋರಿಸಿದ್ದಾನೆ ಅಂದರು. ಮೂರು ತಿಂಗಳು ದಾಟಿತು. ಮತ್ತೆ ಬಂದಾಗ, ನಿಮ್ಮ ನಂಬಿಕೆ ಎಲ್ಲೋ ಸೋರುತ್ತಿದೆ, ಮೆಷೀನನ್ನು ನೆಚ್ಚಿದ್ದೀರಿ, ಒಂದು ವಾರ ಹೋಗದೆ ಇದ್ದು ನೋಡಿ ಎಂದರು. ನನ್ನ ಹೆಂಡತಿ ಯಾರೆದುರೂ ದನಿ ಎತ್ತುವವಳಲ್ಲ. ಅವತ್ತು ಎದ್ದು ಹೋಗಿ ಬಾಗಿಲು ತೆಗೆದು ನಿಂತಳು. ಡಯಾಲಿಸಿಸ್ ಬಿಟ್ಟವರು ಎಷ್ಟು ಬೇಗ ಹೋಗಿಬಿಡುತ್ತಾರೆಂದು ಪಕ್ಕದ ಹಾಸಿಗೆಗಳಲ್ಲಿ ನೋಡಿದ್ದೇನೆ. ಯಾರಾದರೂ ನಿಮಗೆ ಹೀಗೆ ಹೇಳಿದರೆ ದಯವಿಟ್ಟು ಕೇಳಬೇಡಿ. ಆ ಮೆಷೀನೂ ಆತನ ಕೃಪೆಯೇ.

ಆ ವಾರ ನಮ್ಮ ಸತ್ಯವೇದ, ಅಂದರೆ ಬೈಬಲಿನಲ್ಲಿ, ಪ್ರವಾದಿ ಯೆರೆಮೀಯನ ಗ್ರಂಥ ತೆಗೆದೆ. ಅದರ 29ನೇ ಅಧ್ಯಾಯದ 11ನೇ ವಚನ ನಮ್ಮವರ ಎಷ್ಟೋ ಮನೆಗಳ ಗೋಡೆಯ ಮೇಲಿದೆ, ನಿಮಗಾಗಿ ನಾನು ಮಾಡಿರುವ ಆಲೋಚನೆ ಹಿತದ್ದೇ ಹೊರತು ಅಹಿತದ್ದಲ್ಲ ಎಂಬ ಅರ್ಥದ ಮಾತು. ನಾನೇ ಅದನ್ನು ಎಷ್ಟು ಕ್ಯಾಲೆಂಡರಿಗೆ ಜೋಡಿಸಿದ್ದೇನೋ. ಅದರ ಹಿಂದಿನ ವಚನದಲ್ಲಿರುವ, ಬಾಬೆಲಿನಲ್ಲಿ ಕಳೆಯಬೇಕಾದ ಎಪ್ಪತ್ತು ವರ್ಷವನ್ನು ಮಾತ್ರ ಗಮನವಿಟ್ಟು ಓದಿರಲಿಲ್ಲ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರ ಮುಂದೆ ಸಾರುತ್ತಾನೆ, ಯೆರೆಮೀಯನ ಹೆಗಲ ಮೇಲಿನ ನೊಗವನ್ನು ಮುರಿಯುತ್ತಾನೆ. ಜನರಿಗೆ ಇಷ್ಟವಾಗುವ ಮಾತು ಅದು. ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಯೆರೆಮೀಯ ಬರೆದ ಪತ್ರದಲ್ಲಿ ಇರುವುದು ಬೇರೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಅವತ್ತಿನಿಂದ ದೇವರಿಗೆ ದಿನಾಂಕ ಹಾಕುವುದನ್ನು ಬಿಟ್ಟೆ.

ಇನ್ನು ಬಾಯಾರಿಕೆ. ಡಯಾಲಿಸಿಸ್ ಅಂದರೆ ಸೂಜಿಯ ನೋವು ಅಂತ ಜನ ತಿಳಿದಿದ್ದಾರೆ. ಸೂಜಿ ಅಭ್ಯಾಸವಾಗುತ್ತದೆ, ಬಾಯಾರಿಕೆ ಆಗುವುದಿಲ್ಲ. ನನಗೆ ದಿನಕ್ಕೆ ಮುಕ್ಕಾಲು ಲೀಟರ್, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ. ಎಳನೀರು ಮುಟ್ಟುವ ಹಾಗಿಲ್ಲ, ಅದರಲ್ಲಿ ಪೊಟ್ಯಾಸಿಯಂ ಇದೆ, ಹೃದಯಕ್ಕೆ ಅಪಾಯ. ಏಪ್ರಿಲ್ ತಿಂಗಳಲ್ಲಿ ಬೀದಿ ಬದಿಯಲ್ಲಿ ಎಳನೀರು ಕೊಚ್ಚುವ ಸದ್ದು ಕೇಳಿದರೆ ಗಂಟಲು ಉರಿಯುತ್ತದೆ. ಹೆಂಡತಿ ಒಂದು ಬಾಟಲಿಗೆ ಗೆರೆ ಎಳೆದಿಟ್ಟಿದ್ದಾಳೆ, ಬೆಳಿಗ್ಗೆ ತುಂಬುತ್ತಾಳೆ, ರಾತ್ರಿವರೆಗೆ ಅದರಲ್ಲೇ. ಐಸ್ ತುಂಡನ್ನು ಬಾಯಲ್ಲಿಟ್ಟುಕೊಳ್ಳುವುದು, ಉಪ್ಪು ಕಡಿಮೆ ಮಾಡುವುದು, ಬರೀ ಬಾಯಿ ಮುಕ್ಕಳಿಸಿ ಉಗುಳುವುದು, ಇವೆಲ್ಲ ಸ್ವಲ್ಪ ಸಹಾಯ ಮಾಡುತ್ತವೆ.

ಇಂಥ ಒಂದು ಮಧ್ಯಾಹ್ನ ಸತ್ಯವೇದದ 42ನೇ ಕೀರ್ತನೆ ಓದಿದೆ. ನೀರಿನ ತೊರೆಗೆ ಹಾತೊರೆಯುವ ಜಿಂಕೆಯ ಮಾತನ್ನು ಚಿಕ್ಕಂದಿನಿಂದ ಹಾಡಿದ್ದೆ, ಗಂಟಲಿನಿಂದ ಓದಿದ್ದು ಅವತ್ತೇ. ಹಾಡುಗಾರನಿಗೆ ಹಗಲಿರುಳೂ ಕಣ್ಣೀರೇ ಊಟ, ಸುತ್ತಲಿನವರು ನಿನ್ನ ದೇವರು ಎಲ್ಲಿ ಎನ್ನುತ್ತಿದ್ದಾರೆ. ಅವನು ತನ್ನ ಮನಸ್ಸನ್ನೇ ಕೇಳಿಕೊಳ್ಳುತ್ತಾನೆ, ಯಾಕೆ ಕುಗ್ಗಿ ಹೋಗಿದ್ದೀಯ ಎಂದು. ಮುಂದಿನ 43ನೇ ಕೀರ್ತನೆಯೂ ಸೇರಿ ಆ ಪ್ರಶ್ನೆ ಮೂರು ಸಲ ಬರುತ್ತದೆ. ಒಂದು ಸಲವೂ ಕಾರಣ ಸಿಗುವುದಿಲ್ಲ. ದೇವರನ್ನು ನಿರೀಕ್ಷಿಸು, ನಾನು ಇನ್ನೂ ಆತನನ್ನು ಸ್ತುತಿಸುವ ದಿನ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ, ಅಷ್ಟೆ. ನಮ್ಮ ಸತ್ಯವೇದದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಮೂರನ್ನು ಒಟ್ಟಿಗೆ ಹೇಳುವಾಗಲೂ ಇದೇ ಪದ. ಎದುರುನೋಡುವುದಕ್ಕೂ ಭರವಸೆಗೂ ಕನ್ನಡ ಒಂದೇ ಮಾತು ಇಟ್ಟುಕೊಂಡಿದೆ. ಆಮೇಲೆ ನನ್ನ ಪ್ರಾರ್ಥನೆಯ ದನಿ ಬದಲಾಯಿತು. ದೂರನ್ನೂ ಗಟ್ಟಿಯಾಗಿ ಹೇಳತೊಡಗಿದೆ. ಇನ್ನೆಷ್ಟು ಕಾಲ ಎಂಬ ಪ್ರಶ್ನೆ 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಇದೆ. ಅದನ್ನು ಸತ್ಯವೇದದೊಳಗೆ ಇಟ್ಟವನು ನನ್ನ ಬಾಯಿ ಮುಚ್ಚಿಸಲಾರ.

ಆಸ್ಪತ್ರೆಯ ಗೇಟಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್ ಒಬ್ಬರಿದ್ದಾರೆ. ನಾನು ಹೋಗುವಾಗ ಮಫ್ಲರ್ ಸುತ್ತಿಕೊಂಡು ನಿಂತಿರುತ್ತಾರೆ, ಪಾಳಿ ಬದಲಾಯಿಸುವವರು ಬರುವ ದಾರಿ ನೋಡುತ್ತಾ. ಒಂದು ದಿನ ಕೇಳಿದೆ, ಏನಣ್ಣಾ, ಇನ್ನೂ ಕಾಯ್ತಾ ಇದ್ದೀರಾ ಅಂತ. ಹೂಂ ಸ್ವಾಮಿ, ಕಾಯೋದೇ ಅಲ್ವಾ ಕೆಲಸ ಅಂದರು. ಹಾಸಿಗೆಯ ಮೇಲೆ ಮಲಗಿ, ರಕ್ತ ಟ್ಯೂಬಿನಲ್ಲಿ ಹೋಗಿ ಬರುವುದನ್ನು ನೋಡುತ್ತಾ ಆ ಮಾತನ್ನೇ ಯೋಚಿಸಿದೆ. ಕನ್ನಡದಲ್ಲಿ ದಾರಿ ಕಾಯುವುದೂ ಕಾಯುವುದೇ, ಮನೆ ಕಾಯುವುದೂ ಕಾಯುವುದೇ. 130ನೇ ಕೀರ್ತನೆಯಲ್ಲಿ ರಾತ್ರಿ ಕಾವಲಿನವರು ಬೆಳಗಿಗೆ ಕಾಯುವುದಕ್ಕಿಂತ ಹೆಚ್ಚಾಗಿ ನನ್ನ ಪ್ರಾಣ ಕರ್ತನಿಗೆ ಕಾದಿದೆ ಎಂಬ ಮಾತನ್ನು ಎರಡೆರಡು ಸಲ ಹೇಳಿದ್ದಾರೆ. 121ನೇ ಕೀರ್ತನೆಯಲ್ಲಿ ದೇವರೇ ಕಾವಲುಗಾರ, ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ. ನಮ್ಮ ಸಭಾಪಾಲಕರನ್ನು ಕೇಳಿದಾಗ, ಇಬ್ರಿಯ ಭಾಷೆಯಲ್ಲೂ ಈ ಎರಡು ಕಡೆಯ ಕಾವಲಿಗೆ ಒಂದೇ ಧಾತು, ಎರಡೂ ಯೆರೂಸಲೇಮಿಗೆ ಹತ್ತುವಾಗಿನ ಯಾತ್ರಾಗೀತೆಗಳು ಎಂದರು. ನಾನು ಕಾಯುತ್ತಿದ್ದೇನೆ, ಆತನೂ ಕಾಯುತ್ತಿದ್ದಾನೆ. ಅಷ್ಟು ಹೊತ್ತಿಗೆ ಟೆಕ್ನಿಷಿಯನ್ ಬಂದು, ಯಾಕೆ ಸಾರ್, ಕೈ ನೋಯ್ತಿದೆಯಾ ಅಂದರು. ಕಣ್ಣಲ್ಲಿ ನೀರು ಬಂದಿತ್ತು.

ಕಾವಲಿನವನಿಗೆ ಒಂದು ಕೆಲಸವೂ ಇರುತ್ತದಲ್ಲ. ನನ್ನ ಎಡಗೈ ಮಣಿಕಟ್ಟಿನಲ್ಲಿ ಫಿಸ್ಟುಲಾ ಮಾಡಿದ್ದಾರೆ, ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಎರಡನ್ನು ಜೋಡಿಸಿ. ಆ ಕೈಯಲ್ಲಿ ಭಾರ ಎತ್ತಬಾರದು, ಬಿ.ಪಿ. ನೋಡಿಸಬಾರದು, ಮಲಗುವಾಗ ಅಡಿಗೆ ಹಾಕಬಾರದು. ಬೆರಳಿಟ್ಟರೆ ಒಳಗೆ ಜುಮ್ಮೆನ್ನುವ ಮಿಡಿತ ಸಿಗಬೇಕು. ಅದು ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಪ್ರತಿ ರಾತ್ರಿ ದೀಪ ಆರಿಸಿ ಅಲ್ಲಿ ಬೆರಳಿಡುತ್ತೇನೆ. ಮಿಡಿತ ಸಿಕ್ಕಿದಾಗ ಸ್ತೋತ್ರ ಅನ್ನುತ್ತೇನೆ. ನನ್ನ ರಾತ್ರಿ ಪ್ರಾರ್ಥನೆ ಈಗ ಇಷ್ಟೇ ಆಗಿದೆ. ಮೊದಲಿನ ಉದ್ದದ ಪ್ರಾರ್ಥನೆಗಳಿಗಿಂತ ಇದು ನಿಜವಾದದ್ದು ಅನ್ನಿಸುತ್ತದೆ.

ತೋಟ ಮಾಡಿ ಎಂದಿದ್ದನಲ್ಲ ಯೆರೆಮೀಯ. ನಮ್ಮ ಯೂನಿಟ್ಟಿಗೆ ಹೊಸದಾಗಿ ಬರುವವರ ಕೈಗೆ ಕೊಡುತ್ತಿದ್ದ ಪಥ್ಯದ ಹಾಳೆ ಇಂಗ್ಲಿಷಿನಲ್ಲಿತ್ತು. ರಾಮನಗರದಿಂದ, ಮಾಗಡಿಯಿಂದ ಬರುವ ಅಮ್ಮಂದಿರು ಅದನ್ನು ಮಡಿಸಿ ಇಟ್ಟುಕೊಳ್ಳುತ್ತಿದ್ದರು. ತರಕಾರಿ ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಬೇಕು ಎಂಬುದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಬಸ್ಸಾರು ಮಾಡುವ ನಮ್ಮ ಕಡೆ ಬಸಿದ ನೀರೇ ಸಾರಿಗೆ ಹೋಗುತ್ತದೆ, ತರಕಾರಿಯ ಪೊಟ್ಯಾಸಿಯಂ ಬಹಳಷ್ಟು ಇಳಿಯುವುದು ಅದರಲ್ಲೇ. ಆಹಾರ ತಜ್ಞೆಯನ್ನು ಕೂರಿಸಿಕೊಂಡು ಕೇಳಿ ಬರೆದು, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಜೋಡಿಸಿ, ನನ್ನ ಖರ್ಚಿನಲ್ಲೇ ಮುದ್ರಿಸಿದೆ. ಈಗ ಅದನ್ನೇ ಕೊಡುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು.

ಕಳೆದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಏನೂ ತಿನ್ನಬೇಡಿ, ತಕ್ಷಣ ಬನ್ನಿ. ಹೆಂಡತಿಯ ಕೈ ನಡುಗಿ ಕೀಲಿಕೈ ಬಿತ್ತು. ಆಸ್ಪತ್ರೆಯಲ್ಲಿ ನಾನಲ್ಲದೆ ಒಬ್ಬ ಹುಡುಗಿಯನ್ನೂ ಕರೆಸಿದ್ದರು, ಇಪ್ಪತ್ತರ ಆಸುಪಾಸು. ಅವಳ ಅಪ್ಪ ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ರಕ್ತ ತೆಗೆದುಕೊಂಡು ಹೋದರು, ಕಿಡ್ನಿ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್‌ಗೆ. ಕಾರಿಡಾರಿನಲ್ಲಿ ಕೂತಿದ್ದಾಗ ನನಗೆ ಪ್ರಾರ್ಥಿಸಲು ಬಾಯಿ ಬರಲಿಲ್ಲ. ನನಗೆ ಕೊಡು ಅಂದರೆ ಅವಳಿಗೆ ಬೇಡ ಅಂದ ಹಾಗೆ. ಅದಕ್ಕಿಂತ ಮುಂಚೆ, ಈ ಊರಿನ ಇನ್ಯಾವುದೋ ಆಸ್ಪತ್ರೆಯಲ್ಲಿ ಒಂದು ಮನೆಯವರು ಮೆದುಳು ಸತ್ತ ತಮ್ಮವರನ್ನು ನೋಡುತ್ತಾ ಒಪ್ಪಿಗೆಗೆ ಸಹಿ ಹಾಕಿದ್ದಾರೆ. ಮೂರು ವರ್ಷ ನಾನು ಬೇಡಿಕೊಂಡಿದ್ದರ ಇನ್ನೊಂದು ಮುಖ ಇದು ಎಂದು ಅವತ್ತು ತಿಳಿಯಿತು.

ಬೆಳಗಿನ ಜಾವ ಡಾಕ್ಟರ್ ಬಂದು ನನ್ನ ಭುಜ ಮುಟ್ಟಿದರು. ಹುಡುಗಿಗೆ ಹೊಂದಿತ್ತು, ನನಗೆ ಹೊಂದಿರಲಿಲ್ಲ. ಸಂತೋಷವಾಯಿತು ಎಂದು ಸುಳ್ಳು ಹೇಳಲಾರೆ. ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ. ಹಡ್ಸನ್ ಸರ್ಕಲ್ಲಿನಲ್ಲಿ ಸಿಗ್ನಲ್ ಬಿತ್ತು. 1904ರಿಂದ ಅಲ್ಲೇ ನಿಂತಿರುವ ಹಡ್ಸನ್ ಸ್ಮಾರಕ ದೇವಾಲಯದ ಕಲ್ಲುಗೋಡೆಗೆ ಆಗಷ್ಟೇ ಬೆಳಕು ಬೀಳುತ್ತಿತ್ತು. ನಮ್ಮ ಮದುವೆ ಆದದ್ದು ಅಲ್ಲಿ. ಹೆಂಡತಿ ನನ್ನ ಬಲಗೈ ಹಿಡಿದು, ಆ ಮನೆಯವರಿಗೋಸ್ಕರ ಪ್ರಾರ್ಥನೆ ಮಾಡೋಣ್ವಾ ರೀ ಅಂದಳು. ಕೊಟ್ಟವರ ಹೆಸರನ್ನು ನಮಗೆ ಹೇಳುವುದಿಲ್ಲ, ನಮ್ಮ ಹೆಸರನ್ನು ಅವರಿಗೆ ಹೇಳುವುದಿಲ್ಲ. ಹೆಸರಿಲ್ಲದೆ ಮಾಡಿದೆವು. ಅವತ್ತಿನಿಂದ ದಿನವೂ ಮಾಡುತ್ತೇವೆ, ಆ ಹುಡುಗಿಗೂ.

ನನಗೆ ಕಿಡ್ನಿ ಸಿಗುತ್ತದೆ ಎಂದು ಯಾವ ವಚನವೂ ಹೇಳಿಲ್ಲ. ಇದನ್ನು ಒಪ್ಪಿಕೊಳ್ಳಲು ತುಂಬ ದಿನ ಹಿಡಿಯಿತು. ಒಪ್ಪಿಕೊಂಡ ಮೇಲೂ ಕೇಳುವುದನ್ನು ಬಿಟ್ಟಿಲ್ಲ, ಇವತ್ತು ಬೆಳಿಗ್ಗೆಯೂ ಕೇಳಿದೆ. ಫೋನನ್ನು ರಾತ್ರಿ ತಲೆದಿಂಬಿನ ಪಕ್ಕದಲ್ಲೇ ಇಡುತ್ತೇನೆ, ಸದ್ದು ಪೂರ್ತಿ ಏರಿಸಿ.

ಇವತ್ತು ಗುರುವಾರ. ನಾಳೆ ಶಿಫ್ಟು ಇದೆ, ನಾಲ್ಕೂವರೆಗೆ ಏಳಬೇಕು. ಬಾಟಲಿಯಲ್ಲಿ ಎರಡು ಗುಟುಕು ಉಳಿದಿದೆ, ಒಂದನ್ನು ರಾತ್ರಿ ಮಾತ್ರೆಗೆ ಇಟ್ಟುಕೊಂಡಿದ್ದೇನೆ.